ಮೆಹಕ್‌ಗೆ ಮನೆಮಾತು ಸಿಕ್ಕಿದ್ದು

ಕನ್ನಡಿಯ ಮುಂದೆ ನಿಂತು, ದನಿ ಹೊರಡಿಸದೆ, ‘ಅಪ್ಪ’ ಎಂದು ಹೇಳಿ ನೋಡಿ. ಆಮೇಲೆ ಹಾಗೆಯೇ ‘ಅಮ್ಮ’ ಎಂದು ಹೇಳಿ. ತುಟಿಗಳು ಎರಡು ಸಲವೂ ಒಂದೇ ರೀತಿ ಕೂಡಿಕೊಂಡು ಒಂದೇ ರೀತಿ ಬಿಡುತ್ತವೆ. ತುಟಿ ತೋರಿಸಿ ಮಾತು ಕಲಿಸುತ್ತೇನೆಂದು ಹೊರಟ ಮೇಷ್ಟ್ರಿಗೆ ಮೊದಲ ವಾರವೇ ಎದುರಾಗುವ ಪೇಚಾಟ ಇದು. ತರಬೇತಿಯಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಗೊತ್ತಾದದ್ದು ಮಂಜುವಿನಿಂದ.

ಮಂಜು ರಾಜಾನುಕುಂಟೆಯಿಂದ ಬರುತ್ತಿದ್ದ ನಾಲ್ಕು ವರ್ಷದ ಹುಡುಗ. ಹುಟ್ಟಿನಿಂದಲೇ ಕಿವಿ ಕೇಳದು. ನಾನು ಹೊಸ ಹುರುಪಿನಲ್ಲಿ ಅವನಿಗೆ ‘ಅಮ್ಮ’ ಕಲಿಸಿದೆ. ಅವನ ಪುಟ್ಟ ಬೆರಳನ್ನು ನನ್ನ ಮೂಗಿನ ಮೇಲಿಟ್ಟು ‘ಮ್’ ಎಂದಾಗಿನ ನಡುಕ ತೋರಿಸಿ, ಅವನ ಮೂಗಿನ ಮೇಲೂ ಇಡಿಸಿ, ಕೊನೆಗೂ ಒಂದು ಬೆಳಿಗ್ಗೆ ಅವನ ಬಾಯಲ್ಲಿ ಅದು ಬಂತು. ಹಾಲಿನ ವ್ಯಾನು ಓಡಿಸುತ್ತಿದ್ದ ಅವರಪ್ಪ ಅವನನ್ನು ಕರೆದೊಯ್ಯಲು ಬಂದಾಗ ನಾನು ಹೆಮ್ಮೆಯಿಂದ ಮಗುವನ್ನು ಅವರ ಮುಂದೆ ನಿಲ್ಲಿಸಿದೆ. ಮಂಜು ಅಪ್ಪನ ಮುಖ ನೋಡಿ, ಮೂಗಿನ ಮೇಲೆ ಬೆರಳಿಟ್ಟುಕೊಂಡು, ಗಟ್ಟಿಯಾಗಿ ‘ಅಮ್ಮ’ ಎಂದ. ಅವರಪ್ಪನ ಮೀಸೆ ನಡುಗಿತು. ನಗು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ.

“ಇರ್ಲಿ ಬಿಡಿ ಮಿಸ್ಸೇ,” ಎಂದರು ಆತ ಮಗನನ್ನು ಎತ್ತಿಕೊಳ್ಳುತ್ತ, “ಏನೋ ಒಂದು ಕರೆದ್ನಲ್ಲ.”

ಮಾರನೆಯ ದಿನದಿಂದ ಕಾಗದದ ಪಟ್ಟಿ ಹಿಡಿದು ಕೂತೆ. ‘ಅಪ್ಪ’ ಎಂದರೆ ಬಾಯಿಂದ ಗಾಳಿ ಬಂದು ಕಾಗದ ಅಲ್ಲಾಡಬೇಕು, ‘ಅಮ್ಮ’ ಎಂದರೆ ಅಲ್ಲಾಡಬಾರದು. ಇಬ್ಬರನ್ನೂ ಬೇರೆ ಮಾಡಲು ನಮಗೆ ಮಳೆಗಾಲವೆಲ್ಲ ಹಿಡಿಯಿತು.

ನಮ್ಮದು ಆರ್.ಟಿ. ನಗರದ ಒಂದು ಅಡ್ಡರಸ್ತೆಯ ಸಣ್ಣ ಶಾಲೆ. ಬಾಡಿಗೆ ಮನೆ, ಹಾಲ್‌ನಲ್ಲಿ ಒಂದು ತರಗತಿ, ಮಲಗುವ ಕೋಣೆಗಳಲ್ಲಿ ಎರಡು, ಅಡುಗೆಮನೆಯೇ ಆಫೀಸು. ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಅವರಿಗೆ ಭಾಷೆ ಕೊಟ್ಟು ದೊಡ್ಡ ಶಾಲೆಗೆ ಕಳಿಸುವುದು ನಮ್ಮ ಕೆಲಸ. ನಾನು ಗದಗಿನ ಕಡೆಯವಳು. ಯಜಮಾನರಿಗೆ ಯಲಹಂಕದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಈ ಊರಿಗೆ ಬಂದವಳು. ದಿನಾ ಯಲಹಂಕದಿಂದ ಬಸ್ಸು ಹಿಡಿದು, ಹೆಬ್ಬಾಳದಲ್ಲಿ ಅರ್ಧ ಆಯಸ್ಸು ಕಳೆದು, ಶಾಲೆ ಮುಟ್ಟುತ್ತಿದ್ದೆ. ಆ ಬಸ್ಸಿನಲ್ಲಿ ಕೂತು ತಯಾರಿಸಿದ ಪಾಠಗಳೇ ಹೆಚ್ಚು.

ಶಾಲೆಯ ಮುಖ್ಯಸ್ಥೆ ಲೀಲಾವತಿ ಮೇಡಂ. ಕಾಟನ್ ಸೀರೆ, ಬಿಗಿಯಾದ ಜಡೆ, ಎಂದೂ ಏರದ ದನಿ. ಆ ದನಿಗೇ ನಾವೆಲ್ಲ ಹೆದರುತ್ತಿದ್ದೆವು. ಮೊದಲ ದಿನವೇ ನನ್ನ ಮಾತು ಕೇಳಿ ಅವರು ಹೇಳಿದರು: “ವಸುಧಾ, ನಿಮ್ಮ ಕಡೆ ಮಾತು ಚೆನ್ನಾಗಿದೆ. ಆದ್ರೆ ಮಕ್ಕಳ ಎದುರು ‘ಬ್ಯಾಡ’ ಅನ್ಬೇಡಿ, ‘ಬೇಡ’ ಅನ್ನಿ. ಎಲ್ರೂ ಒಂದೇ ಥರ ಮಾತಾಡಿದ್ರೆ ಮಗು ಹಿಡಿಯೋದು.”

ಹಾಗಾಗಿ ನಾನು ಶಾಲೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಗದಗನ್ನೂ ಬಿಟ್ಟು ಒಳಗೆ ಹೋಗುತ್ತಿದ್ದೆ. ಸಂಜೆ ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗಷ್ಟೇ ನಾಲಿಗೆ ಸಡಿಲವಾಗುತ್ತಿತ್ತು.

ಮೇಡಂ ಕೈಲಿ ಪಾಠ ಕಲಿತದ್ದು ಬಹಳ. ಒಂದು ಹೇಳುತ್ತೇನೆ. ಕೇಳುವ ಅಭ್ಯಾಸಕ್ಕೆ ನಾವು ಒಂದು ಆಟ ಆಡಿಸುತ್ತಿದ್ದೆವು. ಮಗು ಒಂದು ಪ್ಲಾಸ್ಟಿಕ್ ಬಳೆಯನ್ನು ಕೆನ್ನೆಗೆ ಒತ್ತಿಕೊಂಡು ಕಾಯಬೇಕು. ಡೋಲು ಬಡಿದದ್ದು ಕೇಳಿಸಿದರೆ ಬಳೆಯನ್ನು ಗೂಟಕ್ಕೆ ಹಾಕಬೇಕು. ನನ್ನ ಗುಂಪಿನ ಮಕ್ಕಳು ಎಷ್ಟು ಚೆನ್ನಾಗಿ ಆಡುತ್ತಿದ್ದರೆಂದರೆ, ಒಂದು ದಿನ ನಾನೇ ಮೇಡಂರನ್ನು ನೋಡಲು ಕರೆದೆ. ಅವರು ನೋಡಿದರು. ಹತ್ತಿರ ಬಂದು, ಮೇಜಿನ ಮೇಲಿದ್ದ ಡೋಲನ್ನು ಎತ್ತಿ ನನ್ನ ಕೈಗೆ ಕೊಟ್ಟರು. “ಈಗ ಬಡೀರಿ.” ಬಡಿದೆ. ಒಂದು ಮಗುವೂ ಕದಲಲಿಲ್ಲ. ಇಷ್ಟು ದಿನ ಮಕ್ಕಳು ಕೇಳುತ್ತಿದ್ದದ್ದು ಕಿವಿಯಿಂದಲ್ಲ, ಮೇಜಿನ ಮೇಲೆ ಊರಿದ ಮೊಣಕೈಯಿಂದ.

ಅದೇ ಆಟದ ಇನ್ನೊಂದು ದಿನವೂ ನೆನಪಿದೆ. ಯಲಹಂಕದ ಕಡೆ ಯುದ್ಧವಿಮಾನಗಳ ತಾಲೀಮು ನಡೆಯುತ್ತಿತ್ತು. ಒಂದು ವಿಮಾನ ನಮ್ಮ ತಾರಸಿಯನ್ನೇ ಸವರಿಕೊಂಡು ಹೋದಂತೆ ಹೋಯಿತು. ಕಿಟಕಿಯ ಗಾಜೆಲ್ಲ ಗದಗದ ನಡುಗಿತು. ನಾನು ಡೋಲು ಮುಟ್ಟಿಯೇ ಇರಲಿಲ್ಲ. ಎಲ್ಲ ಮಕ್ಕಳೂ ಒಟ್ಟಿಗೆ ಬಳೆಗಳನ್ನು ಗೂಟಕ್ಕೆ ಹಾಕಿ, ಗೆದ್ದವರಂತೆ ನನ್ನ ಮುಖ ನೋಡಿದರು. ಬಾಗಿಲಲ್ಲಿ ನಿಂತಿದ್ದ ಮೇಡಂ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ಅವರ ಕಟ್ಟುನಿಟ್ಟುಗಳಲ್ಲಿ ನನಗೆ ಕಷ್ಟವಾಗುತ್ತಿದ್ದದ್ದು ಒಂದೇ. ಶಾಲೆಯಲ್ಲಿ ಕೈಸನ್ನೆ ಮಾಡುವಂತಿಲ್ಲ. ಮಕ್ಕಳು ಕೈ ಎತ್ತಿದರೆ ನಾವು ಮೆಲ್ಲಗೆ ಹಿಡಿದು ಮಡಿಲಿಗೆ ಇಳಿಸಬೇಕು. ಮೇಡಂಗೆ ಅದಕ್ಕೆ ಕಾರಣವಿತ್ತು. ಅವರ ತಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ದೊಡ್ಡವನಾದ ಮೇಲೂ ಅಂಗಡಿಯವರು, ಕಂಡಕ್ಟರುಗಳು ಅವನ ಸನ್ನೆ ಅರ್ಥವಾಗದೆ ಹುಚ್ಚನೆಂದು ದೂಡುತ್ತಿದ್ದರಂತೆ. ಇಂಥ ಬೇರೆ ಮಕ್ಕಳಿಗೆ ಆ ಪಾಡು ಬರಬಾರದೆಂದು ಅವರು ಈ ಶಾಲೆಯನ್ನೇ ಕಟ್ಟಿದ್ದರು. ಇದನ್ನು ತಿಳಿದವರಿಗೆ ಅವರೆದುರು ವಾದ ಮಾಡುವುದು ಸುಲಭವಿರಲಿಲ್ಲ.

ವಾದ ಮಾಡಿದವರು ಮಂಜುವಿನ ತಾಯಿ. ಒಂದು ಮಧ್ಯಾಹ್ನ ಮಗ ಅಳುತ್ತ ಕೂತಿದ್ದನ್ನು ನೋಡಿ ಆಕೆ ನೇರ ಆಫೀಸಿಗೇ ನುಗ್ಗಿದರು. “ಅಲ್ಲ ಮೇಡಮ್ಮೋರೆ, ಇಂಗೆ ಕೈ ಇಡ್ಕೊಂಡು ಕೂರ್ಸಿದ್ರೆ ನನ್ ಮಗ ಒಟ್ಟೆ ಅಸಿತು ಅಂತ ಎಂಗೆ ಏಳಾದು? ಬಾಯಿ ಬರೋಗಂಟ ಅಸ್ಕೊಂಡೇ ಇರ್ಬೇಕಾ?”

ಮೇಡಂ ಆ ದಿನ ಒಪ್ಪಲಿಲ್ಲ. ಮರುದಿನವೂ ಒಪ್ಪಲಿಲ್ಲ. ಆದರೆ ಮಂಜುವಿನ ಕಿವಿಗೆ ಎಂಥ ಯಂತ್ರವೂ ಆಗಿಬರುವುದಿಲ್ಲ, ಒಳಗೆ ನರವೇ ಸರಿಯಿಲ್ಲ ಎಂದು ಪರೀಕ್ಷೆಯಲ್ಲಿ ತಿಳಿದ ಮೇಲೆ ಒಂದು ಬೆಳಿಗ್ಗೆ ಅವರೇ ನನ್ನನ್ನು ಕರೆದು, “ಇವನಿಗೆ ಕೈ ಬಿಡಿಸಿ ಕಲಿಸೋರು ಯಾರಾದ್ರೂ ಇದ್ದಾರಾ ನೋಡಿ” ಎಂದರು. ಸಂಜ್ಞಾಭಾಷೆ ಬಲ್ಲ, ತಾವೇ ಕಿವಿ ಕೇಳದ ಒಬ್ಬ ಶಿಕ್ಷಕಿ ಬಂದರು. ಮಂಜು ಅವರ ಕೈಗಳನ್ನು ಬಾಯಿ ತೆರೆದು ನೋಡುತ್ತ ಕೂತ. ಸಂಕ್ರಾಂತಿ ಬರುವಷ್ಟರಲ್ಲಿ ಅವನು ನಮಗೆ ಹಾಲಿನ ವ್ಯಾನು ಪಂಕ್ಚರ್ ಆದ ಕಥೆಯನ್ನೆಲ್ಲ ಕೈಯಲ್ಲೇ ಹೇಳುತ್ತಿದ್ದ. ಈಗ ಅವನು ಯಲಹಂಕದ ಒಂದು ಬೇಕರಿಯಲ್ಲಿ ಕೇಕುಗಳ ಮೇಲೆ ಹೂವು ಬಿಡಿಸುತ್ತಾನೆ. ಮಾತಾಡುವ ಹುಡುಗಿಯನ್ನು ಮದುವೆಯಾಗಿದ್ದಾನೆ. ಆಕೆ ಸಂಜ್ಞೆ ಕಲಿತಿದ್ದಾಳೆ.

ಹೊಸಬರು ನನ್ನನ್ನು ಕೇಳುವುದುಂಟು: ಮಾತೋ, ಸಂಜ್ಞೆಯೋ, ಯಾವುದು ಸರಿ ಎಂದು. ಮಗುವನ್ನು ನೋಡದೆ ಅದಕ್ಕೆ ಉತ್ತರ ಹೇಳುವವರನ್ನು ನಂಬಬೇಡಿ ಎಂದಷ್ಟೇ ಹೇಳುತ್ತೇನೆ.

ಮೆಹಕ್ ಬಂದದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ನಮ್ಮ ಕೆಲಸವೇ ಬದಲಾಗಿತ್ತು. ಎದೆಯ ಮೇಲೆ ಶ್ರವಣಯಂತ್ರದ ಪೆಟ್ಟಿಗೆ, ಅದಕ್ಕೊಂದು ಹೊಲಿದ ಜೇಬು, ಕಿವಿಗೆ ಎಳೆದ ತಂತಿ ಇವೆಲ್ಲ ಹೋಗಿ, ಕಿವಿಯ ಹಿಂದೆ ಕೂರುವ ಸಣ್ಣ ಯಂತ್ರಗಳು ಬಂದಿದ್ದವು. ಕೆಲವು ಮಕ್ಕಳಿಗೆ ಆಪರೇಷನ್ ಮಾಡಿ ಕಿವಿಯೊಳಗೇ ಯಂತ್ರ ಕೂರಿಸುತ್ತಿದ್ದರು. ಹೊರಗಿನ ಭಾಗ ಕೂದಲ ನಡುವೆ ಅಯಸ್ಕಾಂತದಿಂದ ಅಂಟಿಕೊಳ್ಳುತ್ತಿತ್ತು. ಅಂಥ ಮಕ್ಕಳಿಗೆ ಸದ್ದು ಒಳಗೆ ಹೋಗುತ್ತದೆ. ಆದರೆ ಹೋಗುವ ಸದ್ದು ಮಾತು ಎಂದು ಮಿದುಳಿಗೆ ತಿಳಿಯಲು ಯಾರಾದರೂ ಅದರ ಜೊತೆ ಮಾತಾಡುತ್ತಲೇ ಇರಬೇಕು. ಅದಕ್ಕೆ ಇರುವ ಕಾಲವೂ ಚಿಕ್ಕದು. ಐದಾರು ವರ್ಷ ದಾಟಿದರೆ ಬಾಗಿಲು ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.

ಮೆಹಕ್‌ಗೆ ಆಗ ಮೂರೂವರೆ. ಗಂಗಾನಗರದ ಹುಡುಗಿ, ಗುಂಗುರು ಕೂದಲು. ಅವಳಪ್ಪ ಇಲಿಯಾಸ್ ಸೋಫಾ ಮಾಡುವವರು. ತಾಯಿ ನಸ್ರೀನ್ ದಿನಾ ಆಟೋದಲ್ಲಿ ಕರೆತಂದು, ಪಾಠ ಮುಗಿಯುವವರೆಗೆ ಮೂಲೆಯಲ್ಲಿ ಕೂತು, ನಾನು ಮಾಡುವುದನ್ನೆಲ್ಲ ಕಣ್ಣಲ್ಲೇ ನುಂಗುತ್ತಿದ್ದರು. ಇಂಥ ತಾಯಿ ಸಿಕ್ಕರೆ ಅರ್ಧ ಗೆದ್ದಂತೆ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಆಪರೇಷನ್ ಚೆನ್ನಾಗಿ ಆಗಿತ್ತು, ಯಂತ್ರ ಸರಿಯಿತ್ತು. ಡೋಲು ಎತ್ತಿ ಹಿಡಿದು ಬಡಿದರೂ ತಿರುಗುತ್ತಿದ್ದಳು. ಮೆಲ್ಲಗೆ ಚಪ್ಪಾಳೆ ತಟ್ಟಿದರೂ ತಿರುಗುತ್ತಿದ್ದಳು. ಆದರೆ ಮಾತಿಗೆ ಮಾತ್ರ ತಿರುಗುತ್ತಿರಲಿಲ್ಲ. ತಿಂಗಳುಗಳು ಹೋದವು. ಅವಳ ಜೊತೆ ಆಪರೇಷನ್ ಆದ ಬೇರೆ ಮಕ್ಕಳು ‘ಬಾ’, ‘ತಾ’, ‘ಹೋಯ್ತು’ ಎನ್ನತೊಡಗಿದರು. ಮೆಹಕ್ ಬಾಯಿಂದ ಒಂದು ಪದ ಇಲ್ಲ.

ಆಸ್ಪತ್ರೆಯವರು ಯಂತ್ರವನ್ನು ಮತ್ತೆ ಮತ್ತೆ ಪರೀಕ್ಷಿಸಿ, ಎಲ್ಲ ಸರಿಯಾಗಿದೆ ಎಂದು ಕಳಿಸಿದರು. “ತಾಯಿ ಮನೇಲಿ ಅಭ್ಯಾಸ ಮಾಡಿಸ್ತಿಲ್ಲ ಅನ್ಸತ್ತೆ,” ಎಂದರು ಮೇಡಂ. ನನಗೆ ನಂಬಿಕೆ ಬರಲಿಲ್ಲ. ಒಂದು ಶನಿವಾರ ನಾನೇ ಗಂಗಾನಗರಕ್ಕೆ ಹೋದೆ.

ಕೆಳಗೆ ಇಲಿಯಾಸರ ಕಾರ್ಖಾನೆ. ನೆಲದ ತುಂಬ ಫೋಮಿನ ಚೂರುಗಳು, ಬಟ್ಟೆಯ ಸುರುಳಿಗಳು, ಹೊಲಿಗೆ ಯಂತ್ರದ ಕಟಕಟ. ಮೇಲೆ ಮನೆ. ಮೆಟ್ಟಿಲು ಹತ್ತುವಾಗಲೇ ಒಳಗಿನ ಮಾತು ಕೇಳಿಸುತ್ತಿತ್ತು. ಅತ್ತೆ ಸೊಸೆ ಏನೋ ವಾದ ಮಾಡುತ್ತಿದ್ದರು, ಇಲಿಯಾಸ್ ನಡುವೆ ನಗುತ್ತಿದ್ದರು. ಎಲ್ಲ ದಖ್ಖನಿಯಲ್ಲಿ. ನಾನು ಗದಗಿನಲ್ಲಿ ಬೆಳೆದ ಓಣಿಯಲ್ಲಿ ಅಂಥದೇ ಉರ್ದು ಕೇಳಿ ಬೆಳೆದವಳು, ಅರ್ಧಂಬರ್ಧ ಅರ್ಥವಾಗುತ್ತಿತ್ತು. ತುಂಬಿದ ಮನೆ ಎಂದುಕೊಂಡೆ.

ಚಹ ಬಂತು. ಮೆಹಕ್ ಒಳಗಿನಿಂದ ಓಡಿ ಬಂದಳು. ಅವಳು ಬಂದದ್ದೇ ತಡ, ಮನೆ ಒಮ್ಮೆಲೇ ಸುಮ್ಮನಾಯಿತು.

ನಸ್ರೀನ್ ಬೆನ್ನು ನೆಟ್ಟಗೆ ಮಾಡಿಕೊಂಡರು. ಒಂದು ಲೋಟ ಎತ್ತಿ ಹಿಡಿದು, “ಲೋಟ,” ಎಂದರು. ಮೆಹಕ್ ನೋಡಲಿಲ್ಲ. “ಲೋ-ಟ.” ಬಾಗಿಲಿನ ಕಡೆ ಬೆರಳು ಮಾಡಿ, “ಬಾಗಿಲು,” ಎಂದರು. ಆಮೇಲೆ ಅವರಿಗೆ ಮುಂದಿನ ಪದ ಹೊಳೆಯಲಿಲ್ಲ. ಮೆಹಕ್ ಅಮ್ಮನ ಕೈಯಿಂದ ಬಿಸ್ಕತ್ತು ತೆಗೆದುಕೊಂಡು ಹೋಗಿ ದಾದಿಯ ಪಕ್ಕ ಕೂತಳು. ದಾದಿ ಅಂದರೆ ಇಲಿಯಾಸರ ತಾಯಿ. ಬಟಾಣಿ ಸುಲಿಯುತ್ತಿದ್ದರು. ಅದುವರೆಗೆ ಅಷ್ಟು ಜೋರಾಗಿ ವಾದ ಮಾಡುತ್ತಿದ್ದ ಹೆಂಗಸು, ಮೊಮ್ಮಗಳು ಪಕ್ಕಕ್ಕೆ ಬಂದ ಕೂಡಲೇ ತುಟಿ ಬಿಗಿದು, ಬರೀ ತಲೆ ಸವರಿದರು.

“ದಾದಿ ಯಾಕೆ ಸುಮ್ನಾದ್ರು?” ಎಂದೆ.

ದಾದಿ ನನ್ನ ಮುಖ ನೋಡಲಿಲ್ಲ. ಬಟಾಣಿ ಸುಲಿಯುತ್ತಲೇ ಹೇಳಿದರು: “ಮೈ ಬಾತ್ ಕರೀ ತೋ ಬಚ್ಚಿ ಖರಾಬ್ ಹೋಜಾತಿ ಬೋಲ್ಕೆ ಬೋಲೇ.”

ನಾನು ಮಾತಾಡಿದರೆ ಮಗು ಕೆಡುತ್ತದೆ ಅಂತ ಹೇಳಿದ್ದಾರೆ ಎಂದು.

ನಸ್ರೀನ್ ಗಾಬರಿಯಾಗಿ ವಿವರಿಸಿದರು. ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲಿ ಕೂರಿಸಿ ಹೇಳಿದ್ದರಂತೆ: ಮಗುವಿಗೆ ಒಂದೇ ಭಾಷೆ, ಶಾಲೆ ಕನ್ನಡದ್ದಾದರೆ ಮನೆಯಲ್ಲೂ ಕನ್ನಡವೇ, ಎರಡು ಬೆರೆಸಿದರೆ ಯಂತ್ರ ಹಾಕಿಸಿದ್ದೇ ದಂಡ. ನಮ್ಮ ಶಾಲೆಯ ನಿಯಮವೂ ಅದೇ ಆಗಿತ್ತು. “ನಂಗೆ ಕನ್ನಡ ಇಷ್ಟೇ ಬರೋದು ಮಿಸ್,” ಎಂದರು ನಸ್ರೀನ್. “ಅಂಗಡಿಗೆ ಹೋಗೋಷ್ಟು, ಆಟೋ ಮಾತಾಡೋಷ್ಟು. ಮಗೂಗೆ ಏನ್ ಮಾತಾಡ್ಲಿ? ತಪ್ಪು ಮಾತಾಡಿ ಅವಳ ಲೈಫೇ ಹಾಳಾದ್ರೆ ಅಂತ ಭಯ. ಅದಕ್ಕೆ ನೀವು ಕಲಿಸಿದ ಪದ ಬಿಟ್ಟು ಬೇರೆ ಏನೂ ಮಾತಾಡಲ್ಲ. ಇವ್ರಿಗೂ ಮಾತಾಡಕ್ಕೆ ಬಿಡಲ್ಲ.”

ನಾನು ಚಹದ ಲೋಟ ಕೆಳಗಿಟ್ಟೆ. ಕೇಳುವ ಮಗುವಿಗೆ ತಾಯಿ ಮಾತಿನ ಲೆಕ್ಕವಿಟ್ಟುಕೊಂಡು ಮಾತಾಡುತ್ತಾಳೆಯೇ? ಸ್ನಾನ ಮಾಡಿಸುವಾಗ, ತಲೆ ಬಾಚುವಾಗ, ಬೈಯುವಾಗ, ಸುಮ್ಮನೆ ಮುದ್ದು ಬಂದಾಗ ಮಾತು ಸುರಿಯುತ್ತಲೇ ಇರುತ್ತದೆ. ಮೆಹಕ್‌ಗೆ ಕಿವಿ ಬಂದ ದಿನದಿಂದ ಅವಳ ಮನೆಯಲ್ಲಿ ಅವಳ ಜೊತೆ ಮಾತು ನಿಂತಿತ್ತು. ಶಾಲೆಯ ಮೂರು ಗಂಟೆ ಬಿಟ್ಟರೆ ಉಳಿದ ದಿನವೆಲ್ಲ ಅವಳು ‘ಲೋಟ’ ಮತ್ತು ‘ಬಾಗಿಲು’ಗಳ ನಡುವೆ ಕೂತಿದ್ದಳು.

ನನಗೆ ಏಕೋ ಅವ್ವನ ನೆನಪಾಯಿತು. ನನ್ನ ಮಗಳನ್ನು ನಾನು ಎತ್ತಿ ಆಡಿಸಿದ್ದು ಯಾವ ಭಾಷೆಯಲ್ಲಿ? ‘ಬೇಡ’ ಎನ್ನುವ ಶಾಲೆಯ ಭಾಷೆಯಲ್ಲಂತೂ ಅಲ್ಲ.

“ದಾದಿ, ಮಾತಾಡಿ,” ಎಂದೆ. “ನಿಮ್ಮ ಮಾತಲ್ಲೇ. ಇಡೀ ದಿನ ಮಾತಾಡಿ.”

ನಸ್ರೀನ್ ಬಿಳಚಿಕೊಂಡರು. “ಡಾಕ್ಟ್ರು?”

“ಡಾಕ್ಟ್ರ ಹತ್ರ ನಾನು ಮಾತಾಡ್ತೀನಿ.”

ಹೇಳುವಾಗ ದನಿಯಲ್ಲಿ ಧೈರ್ಯವಿತ್ತು. ಬಸ್ಸಿನಲ್ಲಿ ವಾಪಸಾಗುವಾಗ ಅದು ಉಳಿದಿರಲಿಲ್ಲ. ನಾನು ಹೇಳಿದ್ದು ತಪ್ಪಾಗಿದ್ದರೆ? ಆ ಮಗುವಿಗೆ ಉಳಿದಿದ್ದ ಕಾಲವೇ ಚೂರು. ಅದನ್ನೂ ನನ್ನ ಊಹೆಗೆ ಬಲಿಕೊಟ್ಟಂತಾದರೆ?

ಸೋಮವಾರ ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿಸಿಕೊಂಡರು. “ವಸುಧಾ, ಒಂದು ಭಾಷೆ ಹಿಡಿಯೋಕೇ ಈ ಮಕ್ಕಳಿಗೆ ಉಸಿರು ಕಟ್ಟತ್ತೆ. ನೀವು ಎರಡು ತುಂಬ್ತೀನಿ ಅಂತೀರ.”

“ಈಗ ಒಂದೂ ಇಲ್ಲ ಮೇಡಂ,” ಎಂದೆ. “ಮನೇಲಿ ಒಂದು ಗಟ್ಟಿಯಾಗಿ ಬರ್ಲಿ. ಎರಡನೇದನ್ನ ನಾನು ಅದರ ಮೇಲೆ ಕಟ್ತೀನಿ.”

“ತಾಯಿ ಮುಂದೆ ಹೇಳಿಬಿಟ್ಟಿದ್ದೀರ ಅನ್ಸತ್ತೆ?”

“ಹೂಂ.”

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ದಸರಾ ರಜೆ ಮುಗಿಯೋವರೆಗೆ ನೋಡಿ. ಅಷ್ಟರಲ್ಲಿ ಏನೂ ಬರ್ಲಿಲ್ಲ ಅಂದ್ರೆ ಮತ್ತೆ ಮೊದಲಿನ ಹಾಗೇ. ಆಗ ನೀವೇ ಹೋಗಿ ಆ ಮನೆಯವರಿಗೆ ಹೇಳ್ಬೇಕು.” ಆಸ್ಪತ್ರೆಗೆ ಮಾತ್ರ ಅವರೇ ಫೋನು ಮಾಡಿದರು. ಮಾತು ಹೆಚ್ಚಾಗಿದ್ದಂತಿತ್ತು, ಆಫೀಸಿನ ಬಾಗಿಲು ಮುಚ್ಚಿತ್ತು. ಹೊರಗೆ ಬಂದವರು ನನ್ನ ಕಡೆ ನೋಡದೆ ತರಗತಿಗೆ ಹೋದರು.

ದಾದಿಗೆ ಒಮ್ಮೆ ಅಪ್ಪಣೆ ಸಿಕ್ಕದ್ದೇ ಸಾಕಾಯಿತು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಟಾಣಿಯೊಂದಿಗೆ, ಈರುಳ್ಳಿಯೊಂದಿಗೆ, ಕಿಟಕಿಗೆ ಬರುವ ಪಾರಿವಾಳದೊಂದಿಗೆ, ಕೆಳಗೆ ಫೋಮು ಕತ್ತರಿಸುವ ಹುಡುಗರೊಂದಿಗೆ ಮಾತಾಡಿದ್ದೇ ಮಾತಾಡಿದ್ದು. ನಸ್ರೀನ್ ಒಂದು ದಿನ ಹೇಳಿದರು, “ಮಿಸ್, ಅತ್ತೆಗೆ ಇವಾಗ ನಮ್ ಜೊತೆ ಜಗಳ ಆಡಕ್ಕೂ ಟೈಮಿಲ್ಲ.” ನಾನು ದಿನಾ ಗೇಟಿನ ಹತ್ತಿರ ನಸ್ರೀನ್ ಬಳಿ ನಾಲ್ಕು ಪದ ಕೇಳಿಕೊಂಡು ತರಗತಿಯಲ್ಲಿ ಬಳಸುತ್ತಿದ್ದೆ. ನನ್ನ ಉಚ್ಚಾರಕ್ಕೆ ಅವರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಅವರು ಶಾಲೆಯಲ್ಲಿ ನಕ್ಕದ್ದು ಆಗಲೇ ಮೊದಲು.

ಮೆಹಕ್ ಮಾತ್ರ ಏನೂ ಹೇಳಲಿಲ್ಲ. ಒಂದು ದಿನವಂತೂ ಯಂತ್ರದ ಹೊರಭಾಗವನ್ನು ಕಿತ್ತು ಕಾರ್ಖಾನೆಯ ಫೋಮಿನ ಚೂರುಗಳ ರಾಶಿಗೆ ಎಸೆದಳು. ಇಲಿಯಾಸ್ ಕೆಲಸ ನಿಲ್ಲಿಸಿ, ಎಲ್ಲರನ್ನೂ ಕೂರಿಸಿಕೊಂಡು, ರಾಶಿಯನ್ನು ಅಕ್ಕಿ ಆರಿಸಿದಂತೆ ಆರಿಸಿದರಂತೆ. ಕೊನೆಗೆ ಒಂದು ಕತ್ತರಿಗೆ ಅಯಸ್ಕಾಂತ ಅಂಟಿಕೊಂಡು ಅದು ಸಿಕ್ಕಿತು. ಈ ಸುದ್ದಿ ಹೇಳುವಾಗ ನಸ್ರೀನ್ ಮುಖ ಸುಸ್ತಾಗಿತ್ತು. “ಮಿಸ್, ಇವಳಿಗೇ ಬೇಡ ಏನೋ ಇದು,” ಎಂದರು.

ದಸರಾ ರಜೆ ಬಂತು, ಮುಗಿಯಿತು. ಶಾಲೆ ತೆರೆದ ದಿನ ಮೇಡಂ ನನ್ನ ತರಗತಿಗೆ ಬಂದು ಬಾಗಿಲ ಬಳಿ ನಿಂತರು. ಬಳೆಯ ಆಟ, ಚಿತ್ರಗಳು, ಗೊಂಬೆಗಳು, ಎಲ್ಲ ತೋರಿಸಿದೆ. ಮೆಹಕ್‌ಗೆ ಯಾವುದೂ ಬೇಕಿರಲಿಲ್ಲ. ಅವಳು ನಮ್ಮೆಲ್ಲರಿಗೂ ಬೆನ್ನು ಹಾಕಿ ಮೂಲೆಯಲ್ಲಿ ಜೇಡಿಮಣ್ಣು ಮಿದಿಯುತ್ತ ಕೂತುಬಿಟ್ಟಳು. ಪಾಠದ ಹೊತ್ತು ಮುಗಿದೇ ಹೋಯಿತು. ನಸ್ರೀನ್ ತಲೆ ತಗ್ಗಿಸಿಕೊಂಡು ಚೀಲ ಎತ್ತಿಕೊಂಡರು. ನಾನು ಮೆಹಕ್‌ಳ ಹಿಂದೆ ಹೋಗಿ ನಿಂತು, ಅವಳ ಹೆಗಲು ಮುಟ್ಟದೆ, ಸೋತ ದನಿಯಲ್ಲಿ ಹೇಳಿದೆ:

“ಮೆಹಕ್, ಘರ್ ಕು ಜಾಯೆಂಗೆ?”

ಮನೆಗೆ ಹೋಗೋಣವಾ ಎಂದು.

ಅವಳು ತಿರುಗಲಿಲ್ಲ. ಮಣ್ಣಿನ ಉಂಡೆಯನ್ನು ಅಂಗೈಯಲ್ಲಿ ಇನ್ನೊಮ್ಮೆ ಉರುಟಿದಳು.

“ನಕ್ಕೋ,” ಎಂದಳು.

ಅವಳು ನನ್ನ ಮುಖ ನೋಡಿರಲಿಲ್ಲ, ತುಟಿ ನೋಡಿರಲಿಲ್ಲ, ನಾನು ಏನನ್ನೂ ತೋರಿಸಿರಲಿಲ್ಲ. ಬೆನ್ನ ಹಿಂದಿನಿಂದ ಬಂದ ಮಾತನ್ನು ಕಿವಿಯಿಂದ ಕೇಳಿ, ಅರ್ಥ ಮಾಡಿಕೊಂಡು, ಯೋಚಿಸಿ, ತನಗೆ ಬೇಕಾದ್ದನ್ನು ಹೇಳಿದ್ದಳು. ಅದನ್ನು ನಾವ್ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಏನಾದರೂ ಮುಟ್ಟಲು, ಎತ್ತಲಾದರೂ ಓಡಲು ಹೋದಾಗ ದಾದಿ ದಿನಕ್ಕೆ ಎಷ್ಟು ಸಲ ‘ಉಸ್ಕು ಛೂ ನಕ್ಕೋ, ಉದರ್ ಜಾ ನಕ್ಕೋ’ ಎಂದಿದ್ದರೋ. ನಸ್ರೀನ್ ಚೀಲವನ್ನು ಎದೆಗೆ ಒತ್ತಿಕೊಂಡು ಗೋಡೆಗೊರಗಿ ಕೂತೇಬಿಟ್ಟರು.

“ಏನಂದ್ಲು?” ಎಂದರು ಮೇಡಂ ಮೆಲ್ಲಗೆ.

“ಬ್ಯಾಡ ಅಂದ್ಲು ಮೇಡಂ.” ಗಡಿಬಿಡಿಯಲ್ಲಿ ನನ್ನ ಬಾಯಿಂದ ಗದಗೇ ಬಂತು.

ಮೇಡಂ ತಿದ್ದಲಿಲ್ಲ. ಮೆಹಕ್‌ಳ ಪಕ್ಕ ಹೋಗಿ, ಸೀರೆ ಮಣ್ಣಾಗುವುದನ್ನೂ ನೋಡದೆ ನೆಲದ ಮೇಲೆ ಕೂತು, ಒಂದು ಉಂಡೆ ಮಣ್ಣು ತೆಗೆದುಕೊಂಡರು. ಹೋಗುವಾಗ ನಸ್ರೀನ್‌ಗೆ ಹೇಳಿದರು: “ನಿಮ್ಮ ಅತ್ತೆಗೆ ಹೇಳಿ, ನಿಲ್ಲಿಸ್ಬೇಡಿ ಅಂತ.” ಮುಂದಿನ ವರ್ಷದಿಂದ ನಮ್ಮ ಶಾಲೆಗೆ ಸೇರುವ ಪ್ರತಿ ಮಗುವಿನ ತಾಯಿಯನ್ನೂ ಮೇಡಂ ಮೊದಲು ಕೇಳುತ್ತಿದ್ದ ಪ್ರಶ್ನೆ, ನೀವು ಮನೇಲಿ ಏನ್ ಮಾತಾಡ್ತೀರಿ ಎಂಬುದು. ತಮಿಳು ಎಂದವರಿಗೆ ತಮಿಳು, ತೆಲುಗು ಎಂದವರಿಗೆ ತೆಲುಗು. ಅದನ್ನೇ ಮಾತಾಡಿ, ಹೊಟ್ಟೆ ತುಂಬ ಮಾತಾಡಿ ಎನ್ನುತ್ತಿದ್ದರು. ಕನ್ನಡ ನಾವು ಕೊಡ್ತೀವಿ.

ಮೆಹಕ್‌ಗೆ ಕನ್ನಡವೂ ಬಂತು. ಮೊದಲು ಎರಡನ್ನೂ ಕಲಸಿ, “ಮಿಸ್, ಪಾನಿ ಬೇಕು” ಎನ್ನುತ್ತಿದ್ದಳು. ಆಮೇಲೆ ತಾನೇ ಬೇರೆ ಮಾಡಿಕೊಂಡಳು. ಈಗ ಅವಳು ಮಾಮೂಲಿ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಕ್ಲಾಸಿನಲ್ಲಿ ತುಂಬಾ ಮಾತಾಡುತ್ತಾಳೆಂದು ಮೇಷ್ಟ್ರು ತಾಯಿಯನ್ನು ಕರೆಸಿದ್ದರು ಎಂದು ನಸ್ರೀನ್ ನನಗೆ ಫೋನು ಮಾಡಿ, ನಗು ತಡೆಯಲಾಗದೆ ಹೇಳಿದ್ದುಂಟು.

ಇಂಥ ಸುದ್ದಿ ಕೇಳಿದವರು ಖುಷಿಪಡುತ್ತಾರೆ. ನಾನೂ ಪಡುತ್ತೇನೆ. ಆದರೆ ನಮ್ಮ ಕೆಲಸ ಏತಕ್ಕೆ ಎಂದು ಹೊಸಬರು ಕೇಳಿದಾಗ ನನ್ನ ಕಣ್ಣ ಮುಂದೆ ಬರುವುದು ಬೇರೆ ದಿನ.

ಮೆಹಕ್ ನಮ್ಮ ಶಾಲೆಯಲ್ಲಿದ್ದ ಕೊನೆಯ ವರ್ಷ ದಾದಿ ತೀರಿಕೊಂಡರು. ಕಾಯಿಲೆಯೇನೂ ಬಹಳ ದಿನದ್ದಲ್ಲ. ಆಸ್ಪತ್ರೆಗೆ ಸೇರಿದವರು ವಾಪಸು ಬರಲಿಲ್ಲ. ಮಗುವನ್ನು ಆ ದಿನಗಳಲ್ಲಿ ಸಂಬಂಧಿಕರ ಮನೆಯಲ್ಲಿ ಬಿಟ್ಟಿದ್ದರು. ಮೆಹಕ್ ಮನೆಗೆ ಬಂದ ಬೆಳಿಗ್ಗೆಯೇ ನಾನು ಮಾತಾಡಿಸಿಕೊಂಡು ಬರಲು ಹೋಗಿದ್ದೆ. ಕೆಳಗೆ ಯಂತ್ರಗಳು ನಿಂತಿದ್ದವು. ಮೇಲೆ ನಾಲ್ಕಾರು ಹೆಂಗಸರು ಸದ್ದಿಲ್ಲದೆ ಕೂತಿದ್ದರು.

ಮೆಹಕ್ ಒಂದೊಂದೇ ಕೋಣೆಗೆ ಹೋಗಿ ಬಂದಳು. ಅಡುಗೆಮನೆ ನೋಡಿದಳು. ಮಂಚದ ಆಚೆ ಬಗ್ಗಿ ನೋಡಿದಳು. ಆಮೇಲೆ ಅಮ್ಮನ ಮುಂದೆ ಬಂದು ನಿಂತು ಕೇಳಿದಳು:

“ದಾದಿ ಕಾಂ?”

ದಾದಿ ಎಲ್ಲಿ? ನಸ್ರೀನ್ ನನ್ನ ಕಡೆ ತಿರುಗಿದರು. “ಮಿಸ್, ನೀವು ಹೇಳಿ. ನಿಮಗೆ ಹೇಳಕ್ಕೆ ಬರತ್ತೆ.”

“ಇಲ್ಲ ನಸ್ರೀನ್,” ಎಂದೆ. “ನೀವೇ ಹೇಳ್ಬೇಕು. ಅವಳಿಗೆ ಅರ್ಥ ಆಗತ್ತೆ.”

ಅವರು ಮಗಳನ್ನು ಹತ್ತಿರ ಎಳೆದುಕೊಂಡರು. “ದಾದಿ ಅಲ್ಲಾ ಕನೆ ಗಯೇ ಬೇಟಾ.”

ಅಲ್ಲಾನ ಹತ್ತಿರ ಹೋದರು. ಮೆಹಕ್ ಯೋಚಿಸಿದಳು.

“ಕಲ್ ಆತೇ?”

ನಾಳೆ ಬರ್ತಾರಾ ಎಂದು ಕೇಳುವ ಮಗುವಿಗೆ ಎಷ್ಟೆಲ್ಲ ಗೊತ್ತಿರಬೇಕು ಎಂದು ನನ್ನೊಳಗಿನ ಶಿಕ್ಷಕಿ ಆ ಹೊತ್ತಿನಲ್ಲೂ ಲೆಕ್ಕ ಹಾಕುತ್ತಿದ್ದಳು. ಕಣ್ಣೆದುರು ಇಲ್ಲದವರ ಬಗ್ಗೆ, ಇನ್ನೂ ಬಾರದ ದಿನದ ಬಗ್ಗೆ ಕೇಳುತ್ತಿದ್ದಾಳೆ.

“ನೈ ಆತೇ,” ಎಂದರು ನಸ್ರೀನ್. “ಅಬ್ ನೈ ಆತೇ.”

ಇನ್ನು ಬರುವುದಿಲ್ಲ. ಮೆಹಕ್ ಅಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಕೈಕು?” ಎಂದಳು.

ಯಾಕೆ? ಆ ಪದವನ್ನು ಅವಳ ಬಾಯಲ್ಲಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಚಿತ್ರ ತೋರಿಸಿ, ಗೊಂಬೆ ತೋರಿಸಿ ಅದನ್ನು ಕಲಿಸಲು ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳಿಗಾಗಿ ನಾವು ಆ ಪದಕ್ಕೆ ವರ್ಷಗಟ್ಟಲೆ ಕಾದದ್ದುಂಟು.

ನಸ್ರೀನ್ ಮಗಳನ್ನು ಮಡಿಲಿಗೆ ಎತ್ತಿಕೊಂಡು, ಗುಂಗುರು ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಮಾತಾಡತೊಡಗಿದರು. ತಡವರಿಸಲಿಲ್ಲ, ಪದಕ್ಕಾಗಿ ನಿಲ್ಲಲಿಲ್ಲ. ಮೆಹಕ್ ನಡುನಡುವೆ ಏನೋ ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು. ಮಾತು ಬೇಗ ಬೇಗ ಹರಿಯುತ್ತಿತ್ತು. ನನಗೆ ಬರುವ ಅರ್ಧ ದಖ್ಖನಿಗೆ ಅದು ಎಟುಕಲಿಲ್ಲ. ಹೆಂಗಸರಲ್ಲಿ ಒಬ್ಬರು ಅಳುತ್ತಿದ್ದರು. ತಾಯಿ ಮಗಳು ಇಬ್ಬರೂ ನನ್ನನ್ನು ಮರೆತಿದ್ದರು. ನಾನು ಸದ್ದಾಗದಂತೆ ಎದ್ದು ಮೆಟ್ಟಿಲಿಳಿದು ಬಂದೆ.